ನೀಲಿ ಕೇಬಲ್ಲಿನ ಪಿನ್ನು

ಅಪ್ಪನ ಟ್ರಂಕಿನಲ್ಲಿ ಇವತ್ತು ಆ ನೀಲಿ ಕೇಬಲ್ ಸಿಕ್ಕಿತು, ಪಿನ್ನು ಇನ್ನೂ ಸಡಿಲ.

ಕೊಟ್ಟೂರಿನ ನಮ್ಮ ಫೋಟೋ ಸ್ಟುಡಿಯೋ ಅಪ್ಪ-ಚಿಕ್ಕಪ್ಪನ ನಡುವೆ ಪಾಲಾದ ಮಧ್ಯಾಹ್ನ, ಅಪ್ಪ ಎರಡು ಹಳೆಯ ಕಂಪ್ಯೂಟರ್‌ಗಳ ನಡುವೆ ಅದನ್ನು ಸಿಕ್ಕಿಸಿ, ತೀರಿಹೋದ ಅಜ್ಜಿಯ, ಅಂದರೆ ತನ್ನ ತಾಯಿಯ, ಫೋಟೋಗಳನ್ನು ಚಿಕ್ಕಪ್ಪನ ಕಂಪ್ಯೂಟರಿಗೆ ಕಳಿಸುತ್ತಿದ್ದ. ಪಿನ್ನು ಸಡಿಲವಾಗಿದ್ದರಿಂದ ಬೆರಳಿನಿಂದ ಒತ್ತಿ ಹಿಡಿದಿದ್ದ; ಬಿಟ್ಟರೆ ಫೋಟೋ ಹೋಗುವುದು ನಡುವೆಯೇ ನಿಲ್ಲುತ್ತಿತ್ತು. ಕಳಿಸಿದ ಫೋಟೋಗಳು ಅಪ್ಪನ ಪರದೆಯ ಮೇಲೂ ಹಾಗೇ ಉಳಿದಿದ್ದನ್ನು ಚಿಕ್ಕಪ್ಪ ಕಂಡ.

"ಪಾಲಂದ್ರ ಪಾಲು! ಕೊಟ್ಟ ನೀರಿನ ಹಂಡೇವು ನಿನ್ನ ಮನ್ಯಾಗ ಹೆಂಗ ಉಳೀತೈತಿ? ಫೋಟೋನೂ ಹಂಗ! ಕಳ್ಳ!" ಎಂದು ಕ್ಯಾಮೆರಾ ಸ್ಟ್ಯಾಂಡ್ ಎತ್ತಿ ಅಪ್ಪನ ತಲೆಗೆ ಹೊಡೆದ. ಬೆನ್ನಿಗೂ ಹೊಡೆದ. ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು. ನಾನು ಚೀರುತ್ತಾ ಅಪ್ಪನ ಕೈ ಹಿಡಿದು ಎಳೆದೆ.

"ಕೈ ಜಗ್ಗಬ್ಯಾಡವ್ವ," ಎಂದ ಅಪ್ಪ, ಬೆರಳು ಸಡಿಲಿಸದೆ. "ನಮ್ಮವ್ವ ಇನ್ನೂ ಅರ್ಧ ದಾರ್‍ಯಾಗ ಅದಾಳ."