ಏಪ್ರಿಲ್ ನಂತರದ ಬಿಸಿಲು

ಸುತ್ತಲಿನ ಕಟ್ಟಡಗಳು ಆಕಾಶವನ್ನೇ ಮುಚ್ಚಿದ ಮೇಲೆ, ತಾರಸಿಯ ದೊಡ್ಡ ಕನ್ನಡಿಯೇ ಸರದಿಯಂತೆ ಮನೆಮನೆಗೆ ಬಿಸಿಲು ಹಾಯಿಸುತ್ತಿತ್ತು. ಡಿಸೆಂಬರ್ ಸಭೆಯಲ್ಲಿ ಮುಂದಿನ ವರ್ಷದ ಸರದಿ ಬರೆಯುವುದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ವಾರಿಜಮ್ಮನ ಕೆಲಸ. ಈ ಸಲ ನಸೀಮಾಳ ಹಸುಗೂಸಿಗೆ ಒಂದು ಗಂಟೆ ಬಿಸಿಲು ಬೇಕಿತ್ತು. ಯಾರೂ ತಮ್ಮದನ್ನು ಬಿಟ್ಟುಕೊಡಲಿಲ್ಲ.

ಅಧ್ಯಕ್ಷ ಷಡಕ್ಷರಿ ವಾರಿಜಮ್ಮನ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಿ ಅಮ್ಮಾ. ನಿಮ್ಮ ಯಜಮಾನರಿಗೆ ಡಾಕ್ಟ್ರು ಮಾರ್ಚ್‌ವರೆಗೆ ಅಂದಿದ್ದಾರಲ್ಲ... ಏಪ್ರಿಲ್‌ನಿಂದ ಅವರ ಗಂಟೆ ಮಗುಗೆ ಅಂತ ಬರ್ಕೊಳ್ಳಿ."

ನಸೀಮಾ ತಲೆ ತಗ್ಗಿಸಿದಳು. ವಾರಿಜಮ್ಮನ ಪೆನ್ನು ನಿಂತೇ ಹೋಯಿತು.

"ಅವರು ಹೋದಮೇಲೆ ಅಂತ ನನ್ನ ಕೈಯಲ್ಲಿ ಬರೆಯೋಕಾಗಲ್ಲ ಸಾರ್," ಎಂದರು ಕೊನೆಗೆ. "ಜನವರಿಯಿಂದ್ಲೇ ಅವರ ಗಂಟೇಲಿ ಅರ್ಧ ಮಗುಗೆ ಇರ್ಲಿ."

ಮನೆಗೆ ಬಂದಾಗ ಗಂಡ ಬಿಸಿಲಿಗೆ ಮುಖವೊಡ್ಡಿ ಮಲಗಿದ್ದರು.

"ಏನೇ ತೀರ್ಮಾನ ಆಯ್ತು?"

ವಾರಿಜಮ್ಮ ಅವರ ಪಾದಗಳಿಗೂ ಬಿಸಿಲು ತಾಗಲೆಂದು ಹೊದಿಕೆ ಸರಿಸಿದರು.