ಸುಳ್ಳು ಹೇಳದ ಸೂಜಿ

ಮುನ್ನೂರು ಅಡಿ ಎತ್ತರದಲ್ಲಿ ಮೋಡ ಸರಿದು, ಬೈರೂತಿನ ರನ್‌ವೇ ಕಂಪ್ಯೂಟರ್ ಪರದೆಯ ನಟ್ಟನಡುವೆ ಮೂಡಿತು. ನಿವೃತ್ತ ಪೈಲಟ್ ಫವಾಜ್ ಕುರ್ಚಿಯಲ್ಲೇ ಬೀಗಿದ. ಉಪಗ್ರಹ ತೋರಿದ ದಾರಿಯಿಂದ ಪರದೆಯ ಮೇಲಿನ ದಿಕ್ಕಿನ ಸೂಜಿ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮಗಳು ರಿಂದಾಲಾಳಿಗೂ ಈ ಆಟದ ವಿಮಾನದಲ್ಲೇ ನೂರಾರು ಸಲ ಇಳಿಯಲು ಕಲಿಸಿದ್ದ. ಅವಳು ಸೂಜಿ ಬಿಟ್ಟು ಹೊರಗೆ ನೋಡಿದಾಗಲೆಲ್ಲ ಅದನ್ನು ಬೆರಳಿನಿಂದ ತಟ್ಟಿ, "ಕಣ್ಣು ಮೋಸ ಮಾಡುತ್ತೆ ಕಣೇ, ಇದು ಮಾಡಲ್ಲ" ಎಂದು ಗದರುತ್ತಿದ್ದ. ಈಗ ಅವಳು ನಿಜವಾದ ವಿಮಾನವನ್ನು ಇದೇ ಊರಿಗೆ ಇಳಿಸುವ ಹೊತ್ತು. ಹೊರಗೂ ಅಂಥದ್ದೇ ಮೋಡ.

"ನೋಡ್ರೀ, ನಾನು ಕೈರೋದಲ್ಲಿದೀನಂತೆ!" ಹೆಂಡತಿ ಹಿಯಾಮ್ ನಗುತ್ತಾ ಬಂದು ಫೋನಿನ ನಕ್ಷೆ ತೋರಿಸಿದಳು. "ಮತ್ತೆ ಯಾರೋ ಉಪಗ್ರಹದ ಸಿಗ್ನಲ್ ಕೆಡಿಸಿದಾರೆ. ಇನ್ನು ಅಲ್ಲೇ ಊಟ ಮುಗಿಸ್ಕೊಂಡು ಬರ್ತೀನಿ."

ಯುದ್ಧ ಶುರುವಾದಾಗಿನಿಂದ ಊರಿಗೆಲ್ಲ ಇದೊಂದು ತಮಾಷೆಯಾಗಿತ್ತು. ಫವಾಜ್ ನಗಲಿಲ್ಲ. ಅವನ ಪರದೆಯ ಆಕಾಶಕ್ಕೆ ಯುದ್ಧದ ಸುದ್ದಿಯೇ ತಲುಪಿರಲಿಲ್ಲ. ಅಲ್ಲಿ ಉಪಗ್ರಹ ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

"ರಿಂದಾಲಾಗೆ ಫೋನ್ ಮಾಡು," ಎಂದ.

"ಹಾರ್ತಿರೋಳು ಹ್ಯಾಗೆ ಎತ್ತುತಾಳೆ? ನೀವು ಕಲಿಸಿದ ಹಾಗೇ ಇಳಿಸ್ತಾಳೆ ಬಿಡಿ."

ಅಷ್ಟರಲ್ಲಿ ಕಿಟಕಿಯ ಗಾಜುಗಳು ನಡುಗಿದವು. ಫವಾಜನ ಬೆರಳು ಸೂಜಿಯ ಮೇಲೇ ನಿಂತಿತು. ಆ ಮನೆಗೆ ವಿಮಾನದ ಸದ್ದು ಯಾವತ್ತೂ ಸಮುದ್ರದ ಕಡೆಯಿಂದ ಬರುತ್ತಿತ್ತು. ಈ ಸದ್ದು ಹಿಂದಿನ ಬೆಟ್ಟದ ಕಡೆಯಿಂದ ಬಂತು, ತೀರಾ ತಗ್ಗಿನಲ್ಲಿ.