ದೊಡ್ಡ ಕೋವಿಯ ಸದ್ದು

ಹೆಂಡತಿಯ ಅಣ್ಣ ಜಪಾರ್ ತಂದಿದ್ದ ದೊಡ್ಡ ಕೋವಿಯ ಬಾಯೊಳಕ್ಕೆ ಎಶಿಮ್ ಅದರದೇ ತೋಟಾವನ್ನು ಗುಂಡಿನ ಮೊನೆ ಕೆಳಗಾಗಿ ಇಳಿಬಿಟ್ಟ. ಅರ್ಧಕ್ಕೇ ನಿಲ್ಲಬೇಕಿದ್ದ ಗುಂಡು ತೋಟಾದ ಹಿತ್ತಾಳೆ ಕವಚದವರೆಗೂ ಸಲೀಸಾಗಿ ಇಳಿಯಿತು. ನಳಿಗೆ ಸವೆದುಹೋಗಿತ್ತು.

"ಭಾವ, ಇದರ ಗುಂಡು ಎತ್ತಲಾಗೋ ಹೋಗುತ್ತಲ್ಲ!"

"ನಿನ್ನ ಸಣ್ಣ ಕೋವಿ ಏನ್ ಕಡೀತು? ಅದರ ಬಟಾಣಿ ಕಾಳು ಬಿದ್ರೆ ತೋಳ ಮೈ ತುರಿಸ್ಕೊಂಡು ಹೋಗುತ್ತೆ. ಇದರ ಸದ್ದಿಗಾದ್ರೂ ಓಡುತ್ತೆ ಕಣೋ."

ತೋಳಗಳು ತಿಂದು ಉಳಿಸಿದ ಎಶಿಮನ ಹನ್ನೊಂದು ಕುರಿಗಳು ಹಿಮದಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ದೊಡ್ಡ ಕೋವಿಗೆ ಬದಲಾಗಿ ಎಶಿಮ್ ತನ್ನ ಕೋವಿಯ ಜೊತೆಗೆ ತನ್ನ ಕುದುರೆಯನ್ನೂ ಲಗಾಮು ಸಮೇತ ಒಪ್ಪಿಸಿ ಜಪಾರನ ಕೈ ಕುಲುಕಿದ. ಕೈ ಕುಲುಕಿದ ಮೇಲೆ ವ್ಯಾಪಾರ ಮುರಿಯುವಂತಿಲ್ಲ.

"ತೋಟಾ ಎಷ್ಟಿವೆ ಭಾವ?"

"ನಾಲ್ಕು. ಈ ಅಳತೆಯವು ಈಗ ಎಲ್ಲೂ ಸಿಗಲ್ಲ."

ನಾಲ್ಕು ಸದ್ದು. ಹಿಮ ಕರಗಲು ಇನ್ನೂ ಮೂರು ತಿಂಗಳಿತ್ತು.